ಲ್ಯಾಬ್ ಇಲ್ಲದ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಮಕ್ಕಳಿಗೆ ಹಿಡಿಸುವ ಹಾಗೆ ಕಲಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಮೊದಲ ಎರಡು ವರ್ಷ ಕಣ್ಣ ಮುಂದೆ ಬಂತು. ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗೆ ಹೊಸದಾಗಿ ಸೇರಿದ್ದೀರಿ. ಒಂಬತ್ತು, ಹತ್ತನೇ ತರಗತಿಗೆ ವಿಜ್ಞಾನ ನಿಮ್ಮದು. ಲ್ಯಾಬ್ ಅಂದರೆ ಒಂದು ಬೀರು, ಅದರೊಳಗೆ ನಾಲ್ಕು ಪ್ರನಾಳ. ಜೀವಶಾಸ್ತ್ರದ ಪಾಠಕ್ಕೆ ಕಣ್ಣರಳಿಸುವ ಮಕ್ಕಳು ರಸಾಯನಶಾಸ್ತ್ರ ಶುರುವಾದ ಕೂಡಲೇ ತಲೆ ತಗ್ಗಿಸುತ್ತಾರೆ. ಏನು ಸಾಮಗ್ರಿ ಮಾಡಿಕೊಳ್ಳಲಿ, ಹೇಗೆ ಕಲಿಸಲಿ ಅಂತ ಕೇಳಿದ್ದೀರಿ.

ನಾನು ಮೊದಲು ಬೀದರ್ ಕಡೆ, ಈಗ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಶುರುವಿನಲ್ಲಿ ನಾನೂ ಎಲ್ಲರ ಹಾಗೇ ಮಾಡಿದೆ. ಬೋರ್ಡಿನ ಮೇಲೆ ಸಮೀಕರಣ ಬರೆಯೋದು, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳೋದು. ಒಂದು ಸಲ ಹತ್ತನೇ ತರಗತಿಯಲ್ಲಿ ಸುಣ್ಣದ ಸಮೀಕರಣವನ್ನು ಒಂದೂ ತಪ್ಪಿಲ್ಲದೆ ಬರೆದ ಹುಡುಗನಿಗೆ, 'ನಿಮ್ಮ ಮನೆ ಗೋಡೆಗೆ ಹಬ್ಬಕ್ಕೆ ಏನು ಬಳಿಯುತ್ತೀರಿ?' ಅಂತ ಕೇಳಿದೆ. 'ಸುಣ್ಣ ಸರ್' ಅಂದ. 'ನೀನು ಈಗ ಬರೆದದ್ದು ಏನು?' ಅಂದೆ. ಸುಮ್ನೆ ನಿಂತ. ಅವನ ಮನೆಯ ಸುಣ್ಣಕ್ಕೂ ಪುಸ್ತಕದ ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೂ ಸಂಬಂಧ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅವತ್ತಿನಿಂದ ನಾನು ಪಾಠದ ಕ್ರಮ ತಿರುಗಿಸಿದೆ. ಮೊದಲು ವಸ್ತು ಮಕ್ಕಳ ಕೈಗೆ ಬರಬೇಕು. ಆಮೇಲೆ ಏನಾಗಬಹುದು ಅಂತ ಅವರೇ ಊಹೆ ಮಾಡಿ ಬರೆಯಬೇಕು. ಆಮೇಲೆ ಪ್ರಯೋಗ. ಹೆಸರು, ಸೂತ್ರ, ಸಮೀಕರಣ ಎಲ್ಲಾ ಕೊನೆಗೆ. ಇಷ್ಟೇ ನನ್ನ ವಿಧಾನ. ಇದಕ್ಕೆ ಬೇಕಾದ ಸಾಮಾನು ನಮ್ಮ ಮೂರು ಜಿಲ್ಲೆಗಳಲ್ಲಿ ಇರುವಷ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಪಾಠ ಲೋಹಗಳ ಕ್ರಿಯಾಶೀಲತೆ ಸರಣಿ. ಪುಸ್ತಕದಲ್ಲಿ ಅದು ಯಾವ ಲೋಹ ಹೆಚ್ಚು ಚುರುಕು, ಯಾವುದು ಕಡಿಮೆ ಅನ್ನುವ ಒಂದು ಪಟ್ಟಿ. ಮಕ್ಕಳು ಅದನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡುತ್ತಾರೆ. ಬೀದರ್‌ನಲ್ಲಿದ್ದಾಗ ನಾನು ಇದನ್ನು ಬಿದರಿ ಕೆಲಸದಿಂದ ಶುರು ಮಾಡಿದೆ. ಬಿದರಿ ಪಾತ್ರೆಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ. ಸತುವೇ ಜಾಸ್ತಿ, ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಉಜ್ಜಿ ನುಣುಪು ಮಾಡಿದ ಮೇಲೆ ಕುಶಲಕರ್ಮಿ ಅದರ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಹೊಳೆಯುತ್ತಿದ್ದ ಮೈ ಕಪ್ಪಗಾಗುತ್ತದೆ. ಆ ಕಪ್ಪಿನ ಮೇಲೆ ಚಿತ್ರ ಗೀರಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಕೆತ್ತಿ, ಬೆಳ್ಳಿ ಕೂರಿಸುತ್ತಾರೆ.

ಈ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಸತುವಿನ ಮೇಲೆ ಅದು ಬಿದ್ದಾಗ ಸತು ಕರಗಿ ದ್ರಾವಣಕ್ಕೆ ಹೋಗುತ್ತದೆ, ತಾಮ್ರ ಹೊರಗೆ ಬಂದು ಸಣ್ಣ ಪುಡಿಯಾಗಿ ಕೂರುತ್ತದೆ. ಪುಸ್ತಕದ 'ಸ್ಥಾನಪಲ್ಲಟ ಕ್ರಿಯೆ' ಬೀದರಿನ ಓಣಿಗಳಲ್ಲಿ ದಿನಾ ನಡೆಯುತ್ತಿದೆ!

ಕ್ಲಾಸಿನಲ್ಲಿ ನಾನು ಮಾಡೋದು ಹೀಗೆ. ಮೂರು ಗಾಜಿನ ಲೋಟದಲ್ಲಿ ಒಂದೇ ಅಳತೆಯ ನೀಲಿ ಮೈಲುತುತ್ತದ ನೀರು. ಒಂದಕ್ಕೆ ಸತುವಿನ ತುಂಡು, ಒಂದಕ್ಕೆ ಉಜ್ಜಿ ತೊಳೆದ ಕಬ್ಬಿಣದ ಮೊಳೆ, ಒಂದಕ್ಕೆ ನಮ್ಮ ಮನೆಯ ಹಳೇ ಬೆಳ್ಳಿ ಕಾಲುಂಗುರ. ಹಾಕುವ ಮೊದಲು ಪ್ರತಿ ಮಗುವೂ ಚೀಟಿಯಲ್ಲಿ ಊಹೆ ಬರೆದು ಹೆಸರು ಹಾಕಿ ಮಡಚಬೇಕು. ಚೀಟಿ ಇಲ್ಲದೆ ನಾನು ಪ್ರಯೋಗ ಶುರು ಮಾಡೋದೇ ಇಲ್ಲ. ತನ್ನ ಮಾತು ಕಾಗದದ ಮೇಲೆ ಇದ್ದರೆ ಮಗು ಲೋಟವನ್ನು ಬೇರೆ ಥರ ನೋಡುತ್ತದೆ.

ಸತುವಿನ ಲೋಟ ಎಲ್ಲಕ್ಕಿಂತ ಮೊದಲು ಬದಲಾಗುತ್ತದೆ. ಸತು ನೋಡುತ್ತಿದ್ದ ಹಾಗೆ ಕಪ್ಪಾಗುತ್ತದೆ, ನೀಲಿ ನಿಧಾನಕ್ಕೆ ಮಾಸುತ್ತದೆ. ಮೊಳೆಯ ಮೇಲೆ ಕಂದು ಪದರ ಬರುತ್ತದೆ, ನೀರು ಹಸಿರು ಛಾಯೆಗೆ ತಿರುಗುತ್ತದೆ. ಬೆಳ್ಳಿ ಮಾತ್ರ ಹಾಗೇ ಕೂತಿರುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಸರ, ನಮ್ಮಪ್ಪ ಹಿಂಗೇ ಮಾಡ್ತಾರ್ರೀ, ಮೈಲುತುತ್ತ ಹಚ್ಚಿ' ಅಂದಳು. ಅಲ್ಲಿವರೆಗೆ ಅವಳು ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಮರುದಿನ ಅವಳೇ ಇನ್ನೂ ಪೂರ್ತಿಯಾಗದ ಒಂದು ಸಣ್ಣ ಡಬ್ಬಿ ತಂದಳು. ಅವತ್ತು ಪಾಠ ಮಾಡಿದ್ದು ಅವಳು. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ, ಮೈಯೆಲ್ಲಾ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ ಅಂತ ಅವಳು ಹೇಳಿದಾಗ ಇಡೀ ಕ್ಲಾಸು ಮೂರನೇ ಲೋಟದ ಕಡೆ ತಿರುಗಿತು. ಸರಣಿಯಲ್ಲಿ ಸತು, ಕಬ್ಬಿಣ, ತಾಮ್ರ, ಬೆಳ್ಳಿ ಯಾಕೆ ಆ ಕ್ರಮದಲ್ಲಿವೆ ಅಂತ ಆಮೇಲೆ ನಾನು ಜಾಸ್ತಿ ಹೇಳಬೇಕಾಗಲೇ ಇಲ್ಲ. ಬೋರ್ಡಿನ ಮೇಲೆ ಸಮೀಕರಣವನ್ನೂ ಅವರೇ ಬಂದು ಬರೆದರು.

ನೀವಿರುವುದು ಯಾದಗಿರಿ, ಬಿದರಿ ಕೆಲಸ ಅಲ್ಲಿ ಕಣ್ಣೆದುರಿಗೆ ಇರಲಿಕ್ಕಿಲ್ಲ. ಪರವಾಗಿಲ್ಲ. ಮೈಲುತುತ್ತ ಗೊಬ್ಬರ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ರೈತರ ಮಕ್ಕಳಿಗೆ ಅದರ ಪರಿಚಯ ಇರುತ್ತದೆ. ಆದರೆ ಅದು ವಿಷ. ನೀವೇ ಕರಗಿಸಿ, ನೀವೇ ಹಂಚಿ. ಕ್ಲಾಸು ಮುಗಿದ ಮೇಲೆ ಕೈ ತೊಳೆಸಿ. ಉಳಿದ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡಿ.

ಇನ್ನು ಕಲ್ಲು. ನಮ್ಮ ಕಡೆ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಸುಣ್ಣದಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಈ ಕಲ್ಲಿಗೋಸ್ಕರ. ಒಂದು ಒಡೆದ ಪರಸಿ ಚೂರಿನಿಂದ ನಾನು ವಾರಪೂರ್ತಿ ಪಾಠ ಮಾಡುತ್ತೇನೆ. ಚೂರನ್ನು ಕುಟ್ಟಿ ಪುಡಿ ಮಾಡಿ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆ ಏಳುತ್ತವೆ. ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ನೊರೆಯೇ ಬರುತ್ತದೆ. ಗುಳ್ಳೆ ಯಾವ ಅನಿಲದ್ದು? ಅದಕ್ಕೆ ಸುಣ್ಣದ ತಿಳಿನೀರು ಬೇಕು. ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ, ಒಂದು ಬಾಟಲಿ ನೀರು, ಚೆನ್ನಾಗಿ ಅಲ್ಲಾಡಿಸಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಅನಿಲವನ್ನು ಅದರೊಳಗೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸ್ಟ್ರಾ ಹಾಕಿ ಬಾಯಿಂದ ಊದಿದರೂ ಅಷ್ಟೇ. ಊದೋದು ಮಾತ್ರ, ಹೀರಬಾರದು ಅಂತ ಮೊದಲೇ ಹತ್ತು ಸಲ ಹೇಳಿ.

ಇಲ್ಲಿ ಅವಸರ ಮಾಡಬೇಡಿ. ಬೆಳ್ಳಗಾದ ಮೇಲೂ ಊದುತ್ತಾ ಹೋದರೆ ನೀರು ಮತ್ತೆ ತಿಳಿಯಾಗುತ್ತದೆ. ಇದನ್ನು ಮಕ್ಕಳು ನಿರೀಕ್ಷೆ ಮಾಡಿರೋದೇ ಇಲ್ಲ. ಮೊದಲು ಬಂದ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಅದೇ ಪರಸಿ ಕಲ್ಲಿನ ವಸ್ತು. ಇನ್ನೂ ಅನಿಲ ಸೇರಿದಾಗ ಅದು ಬೈಕಾರ್ಬೊನೇಟ್ ಆಗಿ ನೀರಲ್ಲಿ ಕರಗುತ್ತದೆ. ಆ ತಿಳಿನೀರು ಕಾಯಿಸಿದರೆ ಬಿಳುಪು ಮತ್ತೆ ಬರುತ್ತದೆ. 'ನಿಮ್ಮ ಮನೆ ನೀರು ಕಾಯಿಸುವ ಹಂಡೆ ಒಳಗೆ ಏನು ಕಟ್ಟಿಕೊಂಡಿರುತ್ತದೆ?' ಅಂತ ಆಗ ಕೇಳಿ. ಬೋರ್‌ವೆಲ್ ನೀರು ಕಾಯಿಸುವ ಮನೆಯ ಮಕ್ಕಳು ಒಟ್ಟಿಗೇ ಕೂಗುತ್ತಾರೆ. ಗಡಸು ನೀರಿನ ಪಾಠ ಅಲ್ಲಿಂದ ತಾನಾಗಿ ಶುರುವಾಗುತ್ತದೆ.

ಇದೇ ಕಲ್ಲಿನಲ್ಲಿ ಪರಮಾಣು ತೂಕದ ಲೆಕ್ಕವೂ ಇದೆ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಕೂಡಿದರೆ 100. ಅಂದರೆ ಶುದ್ಧ ಸುಣ್ಣದಕಲ್ಲು 100 ಕಿಲೋ ಸುಟ್ಟರೆ ಸುಟ್ಟ ಸುಣ್ಣ 56 ಕಿಲೋ, ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ವಾಡಿ ಕಡೆಯ ಒಬ್ಬ ಹುಡುಗ ಈ ಲೆಕ್ಕ ಮುಗಿಸಿ ಕಿಟಕಿಯಿಂದ ಕಾರ್ಖಾನೆಯ ಚಿಮಣಿ ಕಡೆ ನೋಡುತ್ತಾ ಕೂತದ್ದು ನನಗೆ ಇನ್ನೂ ನೆನಪಿದೆ.

ಆಮ್ಲ, ಪ್ರತ್ಯಾಮ್ಲಕ್ಕೆ ಲಿಟ್ಮಸ್ ಇಲ್ಲ ಅಂತ ಕೊರಗಬೇಡಿ. ಅರಿಶಿನದ ನೀರಲ್ಲಿ ಕಾಗದ ಅದ್ದಿ ಒಣಗಿಸಿ. ಸೋಪಿನ ನೀರು, ಸುಣ್ಣದ ನೀರು ತಾಗಿದರೆ ಕೆಂಪಾಗುತ್ತದೆ. ಮದುವೆಯಲ್ಲಿ ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ನೀರು ಮಾಡುತ್ತಾರಲ್ಲ, ಅದೇ ಇದು. ಆ ಕೆಂಪು ನೀರಿಗೆ ನಿಂಬೆರಸ ಹನಿ ಹನಿಯಾಗಿ ಬಿಡಿಸಿ, ಮತ್ತೆ ಹಳದಿ ಆಗುವ ಹನಿಯನ್ನು ಮಕ್ಕಳೇ ಎಣಿಸಲಿ. ತಟಸ್ಥೀಕರಣ ಅಂತ ಆಮೇಲೆ ಹೇಳಿದರೆ ಸಾಕು. ಅರಿಶಿನ ಆಮ್ಲವನ್ನು ತೋರಿಸೋದಿಲ್ಲ, ಅದಕ್ಕೆ ಕೆಂಪು ದಾಸವಾಳದ ರಸ ಇಟ್ಟುಕೊಳ್ಳಿ.

ಸಮೀಕರಣ ಸರಿದೂಗಿಸೋದು ಮಕ್ಕಳು ಅತಿ ಹೆಚ್ಚು ಹೆದರುವ ಜಾಗ. ಅದಕ್ಕೆ ನನ್ನ ಹತ್ತಿರ ಎರಡು ಡಬ್ಬಿ ಇವೆ. ಒಂದರಲ್ಲಿ ಜೋಳ, ಒಂದರಲ್ಲಿ ಕಡಲೆ. ಜೋಳ ಹೈಡ್ರೋಜನ್, ಕಡಲೆ ಆಕ್ಸಿಜನ್. ನೀರು ಮಾಡಿ ಅಂತ ಹೇಳುತ್ತೇನೆ. ಒಂದು ಜೋಳದ ಜೋಡಿ, ಒಂದು ಕಡಲೆಯ ಜೋಡಿ ಇಟ್ಟು ಒಂದು ನೀರು ಮಾಡಿದರೆ ಒಂದು ಕಡಲೆ ಉಳಿಯುತ್ತದೆ. ಕೆಲವರು ಅದನ್ನೂ ನೀರಿಗೇ ಅಂಟಿಸುತ್ತಾರೆ. ಬೋರ್ಡಿನಲ್ಲಿ ಕೆಳಗಿನ ಸಣ್ಣ ಅಂಕೆ ಬದಲಿಸುವ ತಪ್ಪು ಇದೇ ಅಲ್ವಾ? ಆಗ ನಾನು ಬೈಯೋದಿಲ್ಲ. 'ನೀನು ಮಾಡಿದ್ದು ನೀರಲ್ಲ ಕಣಪ್ಪ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯೋದಕ್ಕೆ ಬಳಸುತ್ತಾರೆ, ಕುಡಿಯೋ ಹಾಗಿಲ್ಲ' ಅನ್ನುತ್ತೇನೆ. ಆಮೇಲೆ ಇನ್ನೊಂದು ಜೋಡಿ ಜೋಳ ತಂದು ಎರಡು ನೀರು ಮಾಡುತ್ತಾರೆ. ಒಂದು ಕಾಳೂ ಉಳಿಯಬಾರದು, ಒಂದು ಕಾಳೂ ಹೊಸದಾಗಿ ಹುಟ್ಟಬಾರದು. ರಾಶಿ ಸಂರಕ್ಷಣೆಯ ನಿಯಮ ಹೀಗೆ ಅಂಗೈ ಮೇಲೆ ಕೂರುತ್ತದೆ.

ಮೋಲ್ ಪಾಠಕ್ಕೆ ನಮ್ಮ ತೊಗರಿ. ನೂರು ಕಾಳು ತೂಗಿಸಿ, ಸುಮಾರು 10 ಗ್ರಾಂ ಬರುತ್ತದೆ. ಹಾಗಾದರೆ ಒಂದು ಕಿಲೋದಲ್ಲಿ ಎಷ್ಟು ಕಾಳು? ಎಣಿಸದೆ ಹೇಳಿ. ತೂಕದಿಂದ ಎಣಿಕೆಗೆ ಹೋಗೋದೇ ಮೋಲ್‌ನ ಗುಟ್ಟು. ಆಮೇಲೆ ಅವೊಗಾಡ್ರೊ ಸಂಖ್ಯೆ, ಅಂದರೆ ಒಂದು ಮೋಲ್‌ನಲ್ಲಿರುವ ಕಣಗಳ ಎಣಿಕೆ ಹೇಳಿ, 6.022 ಗುಣಿಸು 10ರ ಘಾತ 23. ಅಷ್ಟು ತೊಗರಿ ಕಾಳನ್ನು ಇಡೀ ಭೂಮಿಯ ಮೇಲೆ, ಸಮುದ್ರವನ್ನೂ ಸೇರಿಸಿ ಹರಡಿದರೆ ನೂರು ಮೀಟರಿಗಿಂತ ಜಾಸ್ತಿ ದಪ್ಪ ಪದರ ಆಗುತ್ತದೆ. ಅಷ್ಟೇ ಸಂಖ್ಯೆಯ ನೀರಿನ ಅಣುಗಳು ಮಾತ್ರ 18 ಗ್ರಾಂ, ಒಂದು ಗುಟುಕು. ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅಣು ಎಷ್ಟು ಸಣ್ಣದು ಅಂತ ಅವರ ಮುಖದಲ್ಲೇ ಕಾಣುತ್ತದೆ.

ವೇಲೆನ್ಸಿ, ಅಂದರೆ ಒಂದು ಪರಮಾಣು ಎಷ್ಟು ಬಂಧ ಮಾಡಬಲ್ಲದು ಅನ್ನುವ ಸಂಖ್ಯೆ, ಕಲಿಸುವ ಕಾರ್ಡುಗಳಿಗೆ ಹಳೇ ಲಗ್ನಪತ್ರಿಕೆ ಬಳಸಿ. ದಪ್ಪ ಇರುತ್ತವೆ, ಪ್ರತಿ ಮನೆಯಲ್ಲೂ ರಾಶಿ ಬಿದ್ದಿರುತ್ತವೆ. ವೇಲೆನ್ಸಿ ಒಂದಕ್ಕೆ ಒಂದು ಬೆರಳಗಲ, ಎರಡಕ್ಕೆ ಎರಡು. ಎರಡೂ ಕಡೆ ಅಗಲ ಸಮ ಆಗುವ ಹಾಗೆ ಜೋಡಿಸಿದರೆ ಸೂತ್ರ ಸಿದ್ಧ. ಕಾರ್ಡು ಮಕ್ಕಳೇ ಕತ್ತರಿಸಲಿ, ನೀವು ಮಾಡಿ ಕೊಡಬೇಡಿ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಪಾಠದಲ್ಲಿ ಉತ್ಕರ್ಷಣ, ಅಪಕರ್ಷಣ ಅಂತ ಶಬ್ದಗಳು ಬರುತ್ತವೆ. ಮಗುವಿಗೆ ಅದೂ ಹೊಸದು, ಇಂಗ್ಲಿಷ್ ಸಂಕೇತವೂ ಹೊಸದು. ಹಾಗಾಗಿ ಗೋಡೆ ಮೇಲೆ ನಾನು ಮೂರು ಸಾಲಿನ ಪಟ್ಟಿ ಹಾಕಿದ್ದೇನೆ. ಮನೆಯ ಹೆಸರು, ಪುಸ್ತಕದ ಹೆಸರು, ಸೂತ್ರ. ಜಸ್ತ (ಸತು), ಮೈಲುತುತ್ತ, ನವಸಾಗರ, ಅಡುಗೆ ಸೋಡಾ ಎಲ್ಲಾ ಅಲ್ಲಿವೆ. ಪ್ರತಿ ವಾರ ಮಕ್ಕಳು ಮನೆಯಲ್ಲಿ ವಿಚಾರಿಸಿ ಒಂದು ಹೊಸ ಹೆಸರು ತರಬೇಕು. ಅಜ್ಜಿಯರ ಹತ್ತಿರ ಸಿಗುವಷ್ಟು ಹೆಸರು ಯಾವ ಕೈಪಿಡಿಯಲ್ಲೂ ಇಲ್ಲ.

ಕೆಲವನ್ನು ಮಾಡಬೇಡಿ. ಕಿತ್ತಳೆ ಬಣ್ಣದ ಪುಡಿ ಸುಟ್ಟು ಜ್ವಾಲಾಮುಖಿ ತೋರಿಸುವ ಪ್ರಯೋಗ ನೋಡೋಕೆ ಚೆಂದ, ಆದರೆ ಅದು ಕ್ರೋಮಿಯಂ ಸಂಯುಕ್ತ, ಆರೋಗ್ಯಕ್ಕೆ ಕೆಟ್ಟದ್ದು. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕುವುದನ್ನು ನೀವೊಬ್ಬರೇ, ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ನಿಲ್ಲಿಸಿ ಮಾಡಿ. ಆಮ್ಲವನ್ನು ಯಾವಾಗಲೂ ನೀರಿಗೆ ಹಾಕಿ, ಆಮ್ಲಕ್ಕೆ ನೀರು ಬೇಡ. ಮೊಬೈಲಿನಲ್ಲಿ ವಿಡಿಯೋ ತೋರಿಸೋದು ತಪ್ಪಲ್ಲ, ಆದರೆ ಕೈಯಲ್ಲಿ ಮಾಡಬಹುದಾದ ಪ್ರಯೋಗಕ್ಕೆ ವಿಡಿಯೋ ಹಾಕೋದು ನನಗೆ ಒಪ್ಪಿಗೆಯಿಲ್ಲ.

ಸಿಲಬಸ್ ಮುಗಿಯೋದಿಲ್ಲ, ರಿಸಲ್ಟ್ ಏನಾಗುತ್ತದೆ ಅಂತ ನಿಮ್ಮನ್ನು ಕೇಳೇ ಕೇಳುತ್ತಾರೆ. ನನ್ನನ್ನೂ ಕೇಳಿದರು. ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಚಿತ್ರ ಬಿಡಿಸಿ, ಏನಾಗುತ್ತದೆ, ಯಾಕೆ ಅಂತ ಕೇಳುವ ಪ್ರಶ್ನೆಗಳು ಬರುತ್ತವೆ. ಲೋಟ ನೋಡಿದ ಮಗು ಅದನ್ನು ಬರೆಯುತ್ತದೆ. ಎಲ್ಲಾ ಪಾಠಕ್ಕೂ ಪ್ರಯೋಗ ಮಾಡಲು ಹೋಗಬೇಡಿ, ಸುಸ್ತಾಗುತ್ತೀರಿ. ವಾರಕ್ಕೆ ಒಂದು ಸಾಕು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಈ ಸೋಮವಾರವೇ ಶುರು ಮಾಡುವ ಹಾಗಿದ್ದರೆ ಎರಡು ಲೋಟದಿಂದ ಶುರು ಮಾಡಿ. ಒಂದರಲ್ಲಿ ನೀರಿಗೆ ನವಸಾಗರ, ಇನ್ನೊಂದರಲ್ಲಿ ನೀರಿಗೆ ಬಟ್ಟೆ ಸೋಡಾ. ನಮ್ಮ ಕಡೆಯ ಬಿಸಿಲಿನಲ್ಲಿ ನವಸಾಗರದ ಲೋಟ ಮುಟ್ಟಿದ ಮಗು ಕೈ ತೆಗೆಯೋದಿಲ್ಲ, ಅಷ್ಟು ತಣ್ಣಗಾಗಿರುತ್ತದೆ. ಸೋಡಾದ ಲೋಟ ಸ್ವಲ್ಪ ಬೆಚ್ಚಗಾಗುತ್ತದೆ. ಎರಡನ್ನೂ ಹೊರಗಿನಿಂದ ಮಾತ್ರ ಮುಟ್ಟಿಸಿ. ಯಾಕೆ ಹೀಗೆ ಅಂತ ನೀವು ಹೇಳಬೇಡಿ. ಚೀಟಿ ಕೊಡಿ, ಬರೆಯಲಿ. ಆ ಚೀಟಿಗಳಲ್ಲಿ ಏನು ಬಂತು ಅಂತ ನನಗೂ ಇಲ್ಲಿ ಬರೆದು ತಿಳಿಸಿ.