ಪ್ರತಿಕ್ರಿಯೆ: ಮೊಂತಪ್ಪೋನೆಗೆ ಅರ್ಧ ದಿನ ಸಾಕಾ?

ಹುಲ್ಲಿನ ಟೋಪಿ ಮಾಡುವ ಇಟಲಿಯ ಊರು ಮೊಂತಪ್ಪೋನೆ ನೋಡೋಕೆ ಅರ್ಧ ದಿನ ಸಾಕಾ, ಟೋಪಿ ಮ್ಯೂಸಿಯಂ ಬಿಟ್ಟರೆ ಅಲ್ಲಿ ಇನ್ನೇನಿದೆ, ಟೋಪಿಗೆ ಬತ್ತದ ಹುಲ್ಲು ಬಳಸುತ್ತಾರಾ ಅಂತ ಕೇಳಿದ್ದೀರಿ. ಬತ್ತದ್ದಲ್ಲ, ಅದು ಗೋಧಿ ಹುಲ್ಲು. ಇಟಲಿಯ ಮಾರ್ಕೆ ಪ್ರಾಂತ್ಯದ ಈ ಗುಡ್ಡದ ಊರುಗಳಲ್ಲಿ ಗೋಧಿ ಬೆಳೆಯುವ ರೈತರ ಮನೆಗಳಲ್ಲೇ ಈ ಕಸುಬು ಹುಟ್ಟಿದ್ದು.

ಮ್ಯೂಸಿಯಂನಲ್ಲಿ ಹೆಣಿಗೆಯನ್ನು ಹತ್ತಿರದಿಂದ ನೋಡಿ. ದಂಟಿನ ಗಿಣ್ಣು ತೆಗೆದು, ನಡುವಿನ ನುಣುಪಾದ ತುಂಡನ್ನಷ್ಟೇ ಆರಿಸುತ್ತಾರೆ. ಒಣಗಿದ್ದನ್ನು ಹಾಗೇ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ, ಅದಕ್ಕೇ ನೀರಲ್ಲಿ ನೆನೆಸೋದು. ಆಮೇಲೆ ಜಡೆ ಹಾಕಿದ ಹಾಗೆ ಉದ್ದನೆಯ ಪಟ್ಟಿ ಹೆಣೆಯುತ್ತಾರೆ. ಆ ಪಟ್ಟಿಯನ್ನು ನೆತ್ತಿಯ ಮಧ್ಯದಿಂದ ಶುರುಮಾಡಿ ಸುತ್ತುತ್ತಾ ಹೊಲಿಯುತ್ತಾರೆ. ಥೇಟ್ ಚಕ್ಕುಲಿ ಸುತ್ತಿದ ಹಾಗೆ! ಕೊನೆಗೆ ಅಚ್ಚಿನ ಮೇಲೆ ಬಿಸಿ ಕೊಟ್ಟು ಒತ್ತಿದರೆ ಆಕಾರ ನಿಲ್ಲುತ್ತೆ. ಹೆಣಿಗೆ ಕೆಲಸ ಜಾಸ್ತಿ ಹೆಂಗಸರದ್ದೇ ಆಗಿತ್ತು.

ಅರ್ಧ ದಿನ ಸಾಲದು. ಪಕ್ಕದ ಮಾಸ್ಸಾ ಫೆರ್ಮಾನಾದ ಚರ್ಚಿನಲ್ಲಿ ಚಿತ್ರಕಾರ ಕಾರ್ಲೋ ಕ್ರಿವೆಲ್ಲಿ 1468ರಲ್ಲಿ ಬರೆದ ಚಿತ್ರಫಲಕಗಳಿವೆ. ಹಿನ್ನೆಲೆ ಪೂರ್ತಿ ಚಿನ್ನದ ಬಣ್ಣ. ಅಷ್ಟು ಚಿಕ್ಕ ಊರಲ್ಲಿ ಅಂಥದ್ದು ಸಿಗುತ್ತೆ ಅಂತ ಯಾರೂ ಅಂದುಕೊಳ್ಳಲ್ಲ, ಅಲ್ವಾ? ಹತ್ತಿರದ ಇನ್ನೊಂದು ಊರು ಮೋಂತೆ ವಿದೋನ್ ಕೊರ್ರಾದೋ, ಕಲಾವಿದ ಓಸ್ವಾಲ್ದೋ ಲಿಚೀನಿ ಹುಟ್ಟಿದ ಊರು; ಅಲ್ಲಿ ಆತ ಬಾಳಿದ ಮನೆಯೇ ಈಗ ಮ್ಯೂಸಿಯಂ. ಆತ ಆ ಊರಿನ ಮೇಯರ್ ಕೂಡ ಆಗಿದ್ದ.

ಬಸ್ಸು ನಂಬಿಕೊಂಡು ಹೋಗಬೇಡಿ, ಕಾರು ಮಾಡಿಕೊಳ್ಳಿ. ಮ್ಯೂಸಿಯಂ ಬಾಗಿಲು ತೆಗೆದಿರುತ್ತಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಸುಮ್ನೆ ಗುಡ್ಡ ಹತ್ತಿ ವಾಪಸ್ ಬರೋದು ಬೇಡ.