ಎಲ್ಲ ಇದ್ದೂ ಬದುಕು ಸಪ್ಪೆ ಅನ್ನಿಸಿದಾಗ

ದಾವಣಗೆರೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನನಗೆ 37 ವರ್ಷ. ಲೆಕ್ಕ ಬರೆಯುವ ಕೆಲಸ. ಮನೆ, ಗಂಡ, ಮಗಳು, ಸಂಬಳ ಎಲ್ಲ ಇದೆ. ಆದರೂ ಬೆಳಿಗ್ಗೆ ಡಬ್ಬಿ ಕಟ್ಟುವಾಗ ಇವತ್ತು ಯಾವ ವಾರ ಅಂತಲೇ ನೆನಪಾಗಲ್ಲ. ಅಳುವೂ ಇಲ್ಲ, ನಗುವೂ ಇಲ್ಲ. ಮುಂಚೆ ಶನಿವಾರ ಭಜನಾ ಮಂಡಳಿಗೆ ಹೋಗುತ್ತಿದ್ದೆ, ಮಗಳು ಹುಟ್ಟಿದ ಮೇಲೆ ಬಿಟ್ಟೆ. ಈಗ ಹಾಡೋಕೂ ಮನಸ್ಸಿಲ್ಲ. 'ನಿನಗೇನೇ ಕಮ್ಮಿ ಆಗಿರೋದು' ಅಂತ ಅಮ್ಮ ಬೈತಾಳೆ. ಕೆಲಸ ಬಿಟ್ಟರೆ ಸರಿಹೋಗುತ್ತಾ?"

ಮೊದಲು ನಿಮ್ಮ ಅಮ್ಮನ ಮಾತಿಗೆ ಉತ್ತರ. ಕಮ್ಮಿ ಆಗಿರುವುದು ನಿಜ. ಇದು ಸೊಕ್ಕಲ್ಲ, ಸೋಮಾರಿತನವೂ ಅಲ್ಲ.

ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಮನಸ್ಸು ಚೆನ್ನಾಗಿದೆ ಅಂತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ 2002ರಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ಅಲ್ಲಿನ ಮೂರು ಸಾವಿರಕ್ಕೂ ಜಾಸ್ತಿ ಜನರ ಸಮೀಕ್ಷೆಯಲ್ಲಿ, ಖಿನ್ನತೆ ಇಲ್ಲದೆಯೂ ನಿಮ್ಮ ಹಾಗೆ ಬದುಕು ಬರಿದು ಅನ್ನಿಸಿಕೊಂಡವರು ನೂರಕ್ಕೆ 12 ಮಂದಿ ಇದ್ದರು. ನಿಜವಾಗಿ ನಳನಳಿಸುತ್ತಿದ್ದವರು 17 ಮಂದಿ ಅಷ್ಟೇ. ಮಿಕ್ಕ ಹೆಚ್ಚಿನವರು ಮಧ್ಯದಲ್ಲೆಲ್ಲೋ ಇದ್ದರು.

ಆಮೇಲೆ ಕೀಸ್ 14 ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿದರು. ಕಳೆದ ತಿಂಗಳಲ್ಲಿ ಎಷ್ಟು ಸಲ ಹೀಗೆ ಅನ್ನಿಸಿತು ಅಂತ ಕೇಳುವ ಪ್ರಶ್ನೆಗಳು. ಅದರಲ್ಲಿ ಖುಷಿ, ತೃಪ್ತಿ, ಉತ್ಸಾಹದ ಬಗ್ಗೆ ಇರುವುದು ಮೂರೇ ಮೂರು. ಆರು ನಮ್ಮ ಸ್ವಂತ ಬಾಳಿನದು: ಜವಾಬ್ದಾರಿ ನಿಭಾಯಿಸುತ್ತಿದ್ದೀರಾ, ಬೆಳೆಯುತ್ತಿದ್ದೀರಾ, ನಂಬುವಂಥ ಸಂಬಂಧಗಳಿವೆಯಾ, ಹೀಗೆ. ಇನ್ನು ಐದು ಹೊರಗಿನ ಜನರ ನಡುವಿನದು. ನನ್ನಿಂದ ಊರಿಗೆ ಏನಾದರೂ ಆಯಿತಾ, ನಾನು ಒಂದು ಗುಂಪಿಗೆ ಸೇರಿದವಳಾ ಅನ್ನುವಂಥವು. ನಿಮ್ಮ ಪತ್ರವನ್ನು ಈ ಪಟ್ಟಿ ಪಕ್ಕದಲ್ಲಿಟ್ಟು ಓದಿದೆ. ಮನೆ, ಆಫೀಸು ಎರಡನ್ನೂ ತೂಗಿಸಿಕೊಂಡು ಹೋಗುತ್ತಿದ್ದೀರಿ. ಆದರೆ ಆ ಕೊನೆಯ ಐದಕ್ಕೆ ಸಿಕ್ಕಿದ್ದು ಒಂದೇ ಉತ್ತರ, ಶನಿವಾರದ ಭಜನೆ. ಅದೂ ನಿಂತುಹೋಗಿದೆ, ಅಲ್ವಾ?

ಹಾಗಾಗಿ ಮಂಡಳಿಗೆ ವಾಪಸ್ ಹೋಗಿ. ಮನಸ್ಸು ಬಂದ ಮೇಲೆ ಹೋಗೋಣ ಅಂತ ಕಾಯಬೇಡಿ. ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗಳಲ್ಲಿ ಒಂದು ಇದೇ ದಾರಿ ಹಿಡಿಯುತ್ತದೆ: ಮೊದಲು ದಿನ, ಹೊತ್ತು ಗೊತ್ತು ಮಾಡಿಕೊಂಡು ಕೆಲಸ ಮಾಡುವುದು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ಮೊದಲ ವಾರ ಹಾಡಲೇಬೇಕು ಅಂತೇನಿಲ್ಲ. ಹಿಂದಿನ ಸಾಲಲ್ಲಿ ಕೂತು ತಾಳ ಹಾಕಿ ಸಾಕು. ಮಂಗಳಾರತಿ ಆಗಿ ಕೋಸಂಬರಿ ಹಂಚುವಾಗ "ಎಲ್ಲಿ ಹೋಗಿದ್ಯೇ ಇಷ್ಟು ವರ್ಷ" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮುಂದಿನ ವಾರ ಜಮಖಾನ ಹಾಸುವುದೋ, ಹೊಸಬರಿಗೆ ಪದ ಬರೆದುಕೊಡುವುದೋ, ಏನಾದರೊಂದು ಕೆಲಸ ಕೇಳಿ ತಗೊಳ್ಳಿ. ನಾಲ್ಕು ಜನ ನಿಮಗಾಗಿ ಕಾಯುವ ಹಾಗಾಗಬೇಕು.

ಮತ್ತೆ, ಶನಿವಾರ ಸಂಜೆ ಅಡುಗೆ ಯಾರದು ಅಂತ ಇವತ್ತೇ ಮನೆಯಲ್ಲಿ ಮಾತಾಡಿ. ಎಷ್ಟೋ ಹೆಣ್ಣುಮಕ್ಕಳ ಹಾಡು ನಿಂತಿರುವುದು ಆ ಹೊತ್ತಿಗೆ ಒಲೆ ಮುಂದೆ ಇರಬೇಕಾಗಿ ಬಂದದ್ದರಿಂದ. ನಿಮ್ಮ ಯಜಮಾನರು ಒಂದು ಸಂಜೆ ಅನ್ನ ಸಾರು ಮಾಡಲಿ, ಮಗಳೂ ಕೈ ಜೋಡಿಸಲಿ.

ಒಂದು ರಕ್ತ ಪರೀಕ್ಷೆಯನ್ನೂ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಮ್ಮಿಯಾದರೆ, ಥೈರಾಯ್ಡ್ ಏರುಪೇರಾದರೆ ಯಾವುದರಲ್ಲೂ ಹುರುಪು ಇರುವುದಿಲ್ಲ. ಅದಕ್ಕೆ ಭಜನೆಯೊಂದೇ ಸಾಲದು, ಮಾತ್ರೆ ಬೇಕು.

ಎರಡು ವಾರ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಮಂಡಳಿ ಗಿಂಡಳಿ ಅಂತ ಕಾಯದೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕೆಲಸ ಬಿಡುವ ವಿಚಾರ ಈಗ ಬೇಡ. ಸಂಬಳ ನಿಮ್ಮ ಕೈಯಲ್ಲಿರುವ ಬಲ. ಕೆಲವು ತಿಂಗಳು ಶನಿವಾರ ತಪ್ಪಿಸದೆ ಹೋಗಿ ಬನ್ನಿ. ಆಗಲೂ ಆಫೀಸಿನ ಮೆಟ್ಟಿಲು ಹತ್ತುವಾಗ ಕಾಲು ಎಳೆದರೆ ಇನ್ನೊಂದು ಪತ್ರ ಹಾಕಿ, ಆಗ ಕೆಲಸದ ಬಗ್ಗೆಯೇ ಮಾತಾಡೋಣ.

– ಸಂಪಾದಕ