ನೆರಳಿನ ಗಿಡ, ಬಿಸಿಲಿನ ಗಿಡ: ಪಟ್ಟಿಯಲ್ಲಿ ಇದೇ ಮೊದಲು ಬರಲಿ

ಪ್ರಶ್ನೆ: ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಕಾಲೇಜಿನ ಹಿಂದೆ ಎರಡು ಎಕರೆ ಬಯಲಿದೆ, ತಗ್ಗಿನಲ್ಲಿ ವರ್ಷವಿಡೀ ಹರಿಯುವ ಸಣ್ಣ ಹಳ್ಳ. ಅಲ್ಲಿ ಪಶ್ಚಿಮ ಘಟ್ಟದ ಮಳೆಕಾಡಿನ ಮರಗಳ ತೋಟ ಮಾಡುವ ಆಸೆ. ವಿದ್ಯಾರ್ಥಿಗಳು ಮರಗಳ ಪಟ್ಟಿ ಮಾಡಿದ್ದಾರೆ: ಹೆಸರು, ಕುಟುಂಬ, ಹೂವಿನ ಬಣ್ಣ, ಔಷಧಿ ಗುಣ. ಇಷ್ಟು ಸಾಕಾ?

ಉತ್ತರ: ಬೋರ್ಡ್ ಬರೆಸಲು ಸಾಕು ಮೇಡಂ, ನೆಡಲು ಸಾಲದು. ಹೂವಿನ ಬಣ್ಣ ನೋಡಿ ಗುಂಡಿ ತೋಡಲು ಆಗಲ್ಲ ಅಲ್ವಾ?

ಮೊದಲು ಬೇಕಾದ್ದು, ಸಸಿಯಾಗಿದ್ದಾಗ ಅದು ಎಲ್ಲಿ ಬದುಕುತ್ತದೆ ಎನ್ನುವುದು. ಸಾಲುಧೂಪ ನೋಡಿ. ಹಳೇ ರಸ್ತೆ ಬದಿಯಲ್ಲಿ ಉರಿಬಿಸಿಲಿಗೆ ನಿಂತ ದೊಡ್ಡ ಮರಗಳನ್ನು ಕಂಡವರು ಇದನ್ನು ಬಯಲಲ್ಲೇ ನೆಟ್ಟುಬಿಡುತ್ತಾರೆ. ಕಾಡಿನಲ್ಲಿ ಅದರ ಸಸಿ ಬೆಳೆಯುವುದು ದೊಡ್ಡ ಮರಗಳ ನೆರಳಲ್ಲಿ. ಚಂದಕಲು ಇದಕ್ಕೆ ಉಲ್ಟಾ. ಮರ ಬಿದ್ದು ಬೆಳಕು ಇಳಿದ ಕಡೆ, ರಸ್ತೆ ಕಡಿದ ಕಡೆ ತಾನೇ ಎದ್ದು ಸರಸರ ಬೆಳೆಯುತ್ತದೆ. ಹಾಗಾಗಿ ನಿಮ್ಮ ಬಯಲಿಗೆ ಮೊದಲು ಚಂದಕಲಿನಂಥ ಮರ ಬರಲಿ, ಅದರ ನೆರಳು ಕೂಡಿದ ಮೇಲೆ ಕೆಳಗೆ ಸಾಲುಧೂಪ ಇಡಿ, ಸಸಿಗಳು ಎತ್ತರ ಬಂದ ಹಾಗೆ ಮೇಲಿನದನ್ನು ಸವರುತ್ತಾ ಹೋಗಿ.

ಎರಡನೆಯದು ಬೀಜ. ಸಾಲುಧೂಪದ ಬೀಜ ಮಳೆ ಹಿಡಿಯುವ ಹೊತ್ತಿಗೆ ಉದುರುತ್ತದೆ, ಒಣಗಿಸಿದರೆ ಸತ್ತೇ ಹೋಗುತ್ತದೆ. ಡಬ್ಬದಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುವ ಮಾತೇ ಇಲ್ಲ. ಹೆಕ್ಕಿ ತಂದ ಕೂಡಲೇ ಹಾಕಬೇಕು, ಅಂದರೆ ಅಷ್ಟರೊಳಗೆ ಪಾತಿ ತಯಾರಿರಬೇಕು. (ಹೆಕ್ಕುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಕೇಳಿ, ಸುಮ್ನೆ ತಕರಾರು ಬೇಡ.)

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ರಾಮಪತ್ರೆ, ಮುರುಗಲು ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ಯಾವುದು ಏನು ಅಂತ ಗೊತ್ತಾಗಲ್ಲ. ಜಾತಿಗೊಂದು ಸಸಿ ಅಂತ ನೆಟ್ಟರೆ ಕಾಯಿ ನೋಡದೆ ನಿವೃತ್ತಿ ಆಗ್ತೀರಿ! ಇಂಥವನ್ನು ಐದಾರು ಒಟ್ಟಿಗೆ ಹಾಕಿ. ಹಳ್ಳದ ತಗ್ಗಿದೆ ಅಂದಿರಲ್ಲ, ಅದು ನಿಜಕ್ಕೂ ಭಾಗ್ಯ. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನು ಕಾಡಿನ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳ ಬೇರು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುತ್ತದೆ, ಉಸಿರಾಟಕ್ಕೆ. ಪಟ್ಟಿಯಲ್ಲಿ ಬೇರಿಗೂ ಒಂದು ಕಾಲಂ ಇದ್ದರೆ ಆ ತಗ್ಗು ಯಾರಿಗೆ ಅಂತ ತಾನೇ ತೀರ್ಮಾನ ಆಗುತ್ತದೆ.

ವಿದ್ಯಾರ್ಥಿಗಳಿಗೆ ಕೈಕೆಲಸ ಬೇಕಾದರೆ ಎಲೆ ಅಳೆಸಿ. ಬಿಸಿಲಿಗೆ ಬಿದ್ದ, ಬಲಿತ, ಹುಳ ತಿನ್ನದ ಎಲೆ ತೆಗೆದು ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಗೀಚಿ ಚೌಕ ಎಣಿಸುವುದು. ಆಮೇಲೆ ಓವನ್‌ನಲ್ಲಿ 70 ಡಿಗ್ರಿಯಲ್ಲಿ ಮೂರು ದಿನ ಒಣಗಿಸಿ ತೂಗುವುದು. ಅಗಲಕ್ಕೆ ಹೋಲಿಸಿದರೆ ತೂಕ ಕಡಿಮೆ ಇರುವ ಎಲೆಯ ಮರಗಳು ಸಾಮಾನ್ಯವಾಗಿ ಬೇಗ ಬೆಳೆಯುತ್ತವೆ, ದಪ್ಪ ಎಲೆಯವು ನಿಧಾನ. ನೆರಳಿನ ಎಲೆ ಬೆರೆಸಿದರೆ ಲೆಕ್ಕ ಕೆಡುತ್ತದೆ, ಒಂದೇ ಮರದಲ್ಲೂ ನೆರಳಿನ ಎಲೆ ತೆಳ್ಳಗಿರುತ್ತದೆ. ಎಲ್ಲರೂ ಒಂದೇ ರೀತಿ ಅಳೆಯಲಿ ಅಂತ ವಿಜ್ಞಾನಿಗಳು 2003ರಲ್ಲಿ ಒಂದು ಕೈಪಿಡಿ ತಂದು 2013ರಲ್ಲಿ ಪರಿಷ್ಕರಿಸಿದ್ದಾರೆ, ಅದೇ ಕ್ರಮ ಹಿಡಿಯಿರಿ. ಔಷಧಿ ಗುಣದ ಕಾಲಂ ಬೇಕಾದರೆ ಕೊನೆಗಿರಲಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆ ಪಾರ್ಕಿನಲ್ಲೂ ಇಂಥ ಕಾಡು ಮಾಡಬಹುದಾ?

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ನಿಮ್ಮಲ್ಲಿ ಸಾಮಾನ್ಯವಾಗಿ ಸಾವಿರದ ಆಸುಪಾಸು. ಜೌಗಿನ ಮರಗಳ ಆಸೆ ಬಿಡಿ. ನಾಗಸಂಪಿಗೆ ನೆಡಿ, ಮೊದಲ ಕೆಲವು ಬೇಸಿಗೆ ನೀರು ಹಾಕಿ. ಕೆಂಪು ಚಿಗುರು ಬಂದಾಗ ಪಾರ್ಕಿಗೆ ಬಂದವರೆಲ್ಲ ಹೆಸರು ಕೇಳ್ತಾರೆ.